ಬೆಕ್ಕಿನ ತೊಡೆ ಎಲುಬು ಮುರಿದಾಗ: ಪಿನ್ ಸಾಕೇ, ಪ್ಲೇಟ್ ಬೇಕೇ?

ವಿಜಯಪುರದ ಮಾಳಿಗೆಯಿಂದ ಬಿದ್ದ ಬೆಕ್ಕಾಗಲಿ, ಹೆದ್ದಾರಿಯಲ್ಲಿ ಬೈಕಿಗೆ ಸಿಕ್ಕ ಬೆಕ್ಕಾಗಲಿ, ಮೊದಲು ನೋಡಬೇಕಾದ್ದು ಕಾಲನ್ನಲ್ಲ. ಎದೆಯೊಳಗೆ ಶ್ವಾಸಕೋಶದ ಹೊರಗೆ ಗಾಳಿ ತುಂಬಿದೆಯೇ, ವಪೆ (ಎದೆ-ಹೊಟ್ಟೆಯ ನಡುವಿನ ಪರದೆ) ಹರಿದಿದೆಯೇ, ಮೂತ್ರಕೋಶ ಒಡೆದಿದೆಯೇ ನೋಡಿ. ಎಲುಬು ಒಂದೆರಡು ದಿನ ಕಾಯುತ್ತದೆ, ಉಸಿರು ಕಾಯುವುದಿಲ್ಲ. ಮನೆಯವರು ನೋವಿಗೆಂದು ಪ್ಯಾರಾಸಿಟಮಾಲ್ ಕೊಟ್ಟಿದ್ದಾರಾ ಎಂದು ತಪ್ಪದೆ ಕೇಳಿ. ಬೆಕ್ಕಿಗೆ ಅದು ವಿಷ.

ಬಿದಿರು ದಬ್ಬೆ ಕಟ್ಟಿ ತಂದಿದ್ದರೆ ಕೂಡಲೇ ಬಿಚ್ಚಿ. ದಬ್ಬೆಯ ಮೇಲ್ತುದಿ ಮುರಿತದ ಹತ್ತಿರವೇ ನಿಲ್ಲುವುದರಿಂದ, ಅದರ ಭಾರಕ್ಕೆ ಕೆಳತುಂಡು ಇನ್ನಷ್ಟು ಜೋಲಾಡುತ್ತದೆ. ಮರಿಗಳಲ್ಲಂತೂ ಕಾಲನ್ನು ನೆಟ್ಟಗೆ ಕಟ್ಟಿಟ್ಟರೆ ತೊಡೆಯ ಸ್ನಾಯು ಎಲುಬಿಗೆ ಅಂಟಿ, ಮೊಣಕಾಲು ಮಡಚಲು ಬಾರದಂತಾಗಬಹುದು.

ಎಕ್ಸ್‌ರೇ ಎರಡು ಕೋನದಲ್ಲಿ ಬೇಕು. ಸರಿಯಿರುವ ಕಾಲಿನದ್ದೂ ತೆಗೆಯಿರಿ, ಪಿನ್ನು (ಎಲುಬಿನ ಪೊಳ್ಳಿನೊಳಗೆ ಇಳಿಸುವ ಲೋಹದ ಕಡ್ಡಿ), ಪ್ಲೇಟಿನ (ಎಲುಬಿನ ಮೇಲೆ ಸ್ಕ್ರೂ ಹಾಕಿ ಕೂರಿಸುವ ಲೋಹದ ಪಟ್ಟಿ) ಅಳತೆ ಅದರಿಂದಲೇ ಸಿಗುತ್ತದೆ. ಸೋಂಕು ತಡೆಯುವ ಆ್ಯಂಟಿಬಯಾಟಿಕ್ ಸೆಫಜೋಲಿನ್ ಕೆಜಿಗೆ 22 ಮಿ.ಗ್ರಾಂ, ಕೊಯ್ಯುವ ಅರ್ಧ ಗಂಟೆ ಮೊದಲು ರಕ್ತನಾಳಕ್ಕೆ. ಶಸ್ತ್ರಚಿಕಿತ್ಸೆ ಉದ್ದವಾದರೆ 90 ನಿಮಿಷಕ್ಕೊಮ್ಮೆ ಮತ್ತೆ.

ಬೆಕ್ಕಿನ ತೊಡೆ ಎಲುಬು ನೇರವಾಗಿರುವುದರಿಂದ ಪಿನ್ ಸಲೀಸಾಗಿ ಇಳಿಯುತ್ತದೆ. ಈ ಸಲೀಸೇ ನಮ್ಮನ್ನು ಮೋಸ ಮಾಡುತ್ತದೆ. ಪಿನ್ ಬಾಗುವುದನ್ನು ತಡೆಯುತ್ತದೆ, ತಿರುಗುವುದನ್ನೂ ಕುಸಿಯುವುದನ್ನೂ ತಡೆಯುವುದಿಲ್ಲ. ಆದ್ದರಿಂದ ಮುರಿತದ ಗೆರೆ ನೋಡಿಯೇ ತೀರ್ಮಾನಿಸಬೇಕು. ಗೆರೆ ಓರೆಯಾಗಿದ್ದು, ಅದರ ಉದ್ದ ಎಲುಬಿನ ದಪ್ಪದ ಎರಡು ಪಟ್ಟಾದರೂ ಇದ್ದರೆ, ಮಜ್ಜೆಯ ಪೊಳ್ಳಿನ ಶೇ. 60-70 ತುಂಬುವ ಪಿನ್ ಹಾಕಿ, ಸುತ್ತ ಕನಿಷ್ಠ ಎರಡು ತಂತಿ ಬಿಗಿಯಿರಿ. ತಂತಿಗಳ ನಡುವೆ ಸುಮಾರು 1 ಸೆಂ.ಮೀ., ಮುರಿತದ ತುದಿಯಿಂದ 5 ಮಿ.ಮೀ. ಅಂತರವಿರಲಿ. ಸಡಿಲ ತಂತಿ ಹಾಕುವುದಕ್ಕಿಂತ ಹಾಕದಿರುವುದೇ ಮೇಲು. ಅದು ಅಲುಗಾಡುತ್ತ ಹೊಸ ರಕ್ತನಾಳಗಳನ್ನು ಕೆರೆದುಹಾಕುತ್ತದೆ.

ಅಡ್ಡ ಮುರಿತಕ್ಕೆ ತಂತಿಯಿಂದ ಉಪಯೋಗವಿಲ್ಲ, ಪ್ಲೇಟೇ ಬೇಕು. ಚೂರುಚೂರಾಗಿದ್ದರೆ ಪ್ಲೇಟಿನ ಜೊತೆಗೆ ಶೇ. 35-40 ತುಂಬುವ ತೆಳು ಪಿನ್ ಇರಲಿ, ಸ್ಕ್ರೂ ಇಳಿಯಲು ಜಾಗ ಉಳಿಯುತ್ತದೆ. ಚೂರುಗಳನ್ನು ಒಂದೊಂದಾಗಿ ಜೋಡಿಸಲು ಹೋಗಬೇಡಿ, ಅವುಗಳಿಗೆ ಅಂಟಿದ ಮಾಂಸವೇ ಅವುಗಳ ಜೀವ.

ಪಿನ್ನನ್ನು ಸೊಂಟದ ಕಡೆಯಿಂದ ಕೆಳಕ್ಕೆ ಇಳಿಸುವುದು ಕ್ಷೇಮ. ಮುರಿತದಿಂದ ಮೇಲಕ್ಕೆ ಏರಿಸಲೇಬೇಕಾದರೆ ಸೊಂಟದ ಕೀಲನ್ನು ಹಿಂದಕ್ಕೆ ಚಾಚಿ, ತೊಡೆಯನ್ನು ಒಳಕ್ಕೆ ಒತ್ತಿ ಹಿಡಿಯಿರಿ. ಇಲ್ಲವಾದರೆ ಸಯಾಟಿಕ್ ನರಕ್ಕೆ (ತೊಡೆಯ ಹಿಂಬದಿ ಇಳಿಯುವ ದೊಡ್ಡ ನರ) ಚುಚ್ಚುತ್ತದೆ. ಎಚ್ಚರವಾದ ಮೇಲೆ ಬೆಕ್ಕು ಪಾದ ಮಡಚಿ ಊರಿದರೆ ಮೊದಲ ಅನುಮಾನ ಇದರ ಮೇಲೆಯೇ. ಪಿನ್ನಿನ ಮೇಲ್ತುದಿಯನ್ನು ಗಿಡ್ಡಕ್ಕೆ ಕತ್ತರಿಸಿ. ಮೊಣಕಾಲ ಕೆಳಗಿನ ದೊಡ್ಡ ಎಲುಬಿಗೆ ಮಾತ್ರ ಪಿನ್ನನ್ನು ಮುರಿತದಿಂದ ಮೇಲಕ್ಕೆ ಎಂದೂ ಏರಿಸಬಾರದು, ಮೊಣಕಾಲ ಕೀಲೇ ಕೆಡುತ್ತದೆ.

ಇಂಡಿ, ಸಿಂದಗಿಯಿಂದ ಬಂದವರಿಗೆ ಮರುಭೇಟಿಯ ದಿನಾಂಕವನ್ನು ಬರೆದೇ ಕೊಡಿ: ದೊಡ್ಡ ಬೆಕ್ಕಿಗೆ 6 ವಾರಕ್ಕೆ, ಮರಿಗೆ 3-4 ವಾರಕ್ಕೆ ಎಕ್ಸ್‌ರೇ. ಅಲ್ಲಿಯವರೆಗೆ ಪಂಜರದಲ್ಲೇ ಇರಲಿ, ಅಟ್ಟ ಹತ್ತಲು ಬಿಡಬಾರದು. ಸೊಂಟದ ಬಳಿ ಗಂಟು ಕಂಡರೆ ಪಿನ್ ಮೇಲಕ್ಕೆ ಜಾರುತ್ತಿರಬಹುದು. ಆಗ ದಿನಾಂಕಕ್ಕೆ ಕಾಯದೆ ಕರೆತರಲು ಹೇಳಿ.