ಶೋಲಾವರಂನಲ್ಲಿ ಓಡಿದ ಗಾಡಿ ಇದೇನಾ?

ರಾಜಾಜಿನಗರದ ಇಂಡಸ್ಟ್ರಿಯಲ್ ಟೌನ್ ಕಡೆಯ ಒಂದು ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಒಂದು ಕಾರು ನಿಂತಿದೆ. ಎರಡು ಬಾಗಿಲು, ಫೈಬರ್ ಬಾಡಿ. ತಟ್ಟಿದರೆ ತಗಡಿನ ಸದ್ದಲ್ಲ, ಬಕೆಟ್ಟಿನ ಸದ್ದು. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ತಯಾರಿಸುತ್ತಿದ್ದ ಡಾಲ್ಫಿನ್ ಅದು. ಹಿಂದಿನ ಸೀಟಿಲ್ಲ, ಮ್ಯಾಟಿಲ್ಲ. ಬಾಗಿಲ ಅಂಚಿನಲ್ಲಿ ಮೂರು ಬಣ್ಣದ ಪೇಂಟು ಪದರ ಪದರವಾಗಿ ಎದ್ದಿದೆ. "ಶೋಲಾವರಂನಲ್ಲಿ ರೇಸ್ ಓಡಿದ ಗಾಡಿ ಇದು" ಎನ್ನುತ್ತಾರೆ ಈಗಿನ ಮಾಲೀಕರು. ಶೋಲಾವರಂ ಅಂದರೆ ಮದ್ರಾಸಿನ ಹತ್ತಿರ ಹಿಂದೆ ಕಾರ್ ರೇಸ್ ನಡೆಯುತ್ತಿದ್ದ ಜಾಗ. ಅವರಿಗೆ ಮಾರಿದವರು ಹಾಗೆ ಹೇಳಿದ್ದರಂತೆ, ಮಾರಿದವರಿಗೆ ಇನ್ಯಾರೋ. ಆರ್‌ಸಿ ಬುಕ್ ಇದೆ. ಅದರಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಇವೆ. ರೇಸಿನ ವಿಷಯಕ್ಕೆ ಆ ಪುಸ್ತಕದಲ್ಲಿ ಜಾಗವೇ ಇಲ್ಲ.

"ಇದೇ ಅದಾ?" ಅನ್ನುವ ಪ್ರಶ್ನೆ ಸುಲಭದ್ದಲ್ಲ. ಅದು ಯಾಕೆ ಇಷ್ಟು ಕಷ್ಟದ್ದಾಯಿತು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ರೇಸ್ ಕಾರು ಒಂದು ಕಾಲದಲ್ಲಿ ಬರೀ ಸಲಕರಣೆ. ಸೀಸನ್ ಮುಗಿದರೆ ಅದರ ಎಂಜಿನ್ ಇನ್ನೊಂದಕ್ಕೆ, ಆಕ್ಸಲ್ ಮತ್ತೊಂದಕ್ಕೆ. ಗುದ್ದಿದರೆ ಚಾಸಿ ಬದಲು. ಯುರೋಪಿನ ತಂಡಗಳು ದೇಶದಿಂದ ದೇಶಕ್ಕೆ ಗಾಡಿ ಸಾಗಿಸುವಾಗ ಗಡಿಯ ಕಸ್ಟಮ್ಸ್ ಕಾಗದಕ್ಕೆ ಹೊಂದಲಿ ಅಂತ ಒಂದು ಕಾರಿನ ನಂಬರ್ ಪ್ಲೇಟನ್ನು ಬಿಚ್ಚಿ ಇನ್ನೊಂದಕ್ಕೆ ಹೊಡೆಯುತ್ತಿದ್ದದ್ದೂ ಉಂಟು. ಅದರಲ್ಲಿ ಮೋಸದ ಉದ್ದೇಶ ಇರಲಿಲ್ಲ. ಭಾನುವಾರದ ರೇಸಿಗೆ ತಲುಪಬೇಕಿತ್ತು, ಅಷ್ಟೆ. ಹಳೇ ರೇಸ್ ಕಾರಿಗೆ ಬೆಲೆಯೇ ಇಲ್ಲದಿದ್ದಾಗ ಇದು ಯಾರಿಗೂ ತೊಂದರೆ ಕೊಡಲಿಲ್ಲ.

ಬೆಲೆ ಬಂದ ಮೇಲೆ ತೊಂದರೆ ಶುರುವಾಯಿತು. ಫೆರಾರಿ 250 ಜಿಟಿಒ ತಯಾರಾದದ್ದು 1962ರಿಂದ 1964ರ ನಡುವೆ, 36 ಮಾತ್ರ. 2018ರಲ್ಲಿ ಅದರಲ್ಲೊಂದು ಅಮೆರಿಕದ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು. ಆ ಹೊತ್ತಿಗಾಗಲೇ ಅದೇ ಕಂಪನಿಯ ಕಡಿಮೆ ಬೆಲೆಯ ನಾಲ್ಕು ಸೀಟಿನ ಕಾರುಗಳನ್ನು ಕತ್ತರಿಸಿ ಜಿಟಿಒ ರೂಪ ಕೊಟ್ಟವರು ಎಷ್ಟೋ ಜನ. ಇನ್ನೊಂದು ಬಗೆಯದು ಇನ್ನೂ ಸಿಕ್ಕು: ಒಡೆದುಹೋದ ಒಂದೇ ಕಾರಿನ ಚಾಸಿ ಒಬ್ಬರ ಪಾಲಾಗಿ, ಎಂಜಿನ್ ಮತ್ತೊಬ್ಬರ ಪಾಲಾಗಿ, ಇಬ್ಬರೂ ಉಳಿದದ್ದನ್ನು ಹೊಸದಾಗಿ ಕಟ್ಟಿಕೊಂಡು "ನನ್ನದೇ ಅಸಲಿ" ಅನ್ನುವುದು.

ಈ ಜಗಳ ಇಂಗ್ಲೆಂಡಿನ ಹೈಕೋರ್ಟಿನವರೆಗೂ ಹೋಯಿತು. ವಸ್ತು, 'ಓಲ್ಡ್ ನಂಬರ್ ಒನ್' ಎಂಬ ಬೆಂಟ್ಲಿ ಸ್ಪೀಡ್ ಸಿಕ್ಸ್ ರೇಸ್ ಕಾರು. 1929ರಲ್ಲಿ ವುಲ್ಫ್ ಬರ್ನಾಟೊ, ಟಿಮ್ ಬರ್ಕಿನ್ ಜೋಡಿ, 1930ರಲ್ಲಿ ಬರ್ನಾಟೊ, ಗ್ಲೆನ್ ಕಿಡ್‌ಸ್ಟನ್ ಜೋಡಿ ಅದರಲ್ಲಿ ಲೆ ಮಾನ್ಸ್‌ನ 24 ಗಂಟೆ ರೇಸ್ ಗೆದ್ದರು. ಆಮೇಲೆ ಅದಕ್ಕೆ 8 ಲೀಟರಿನ ಎಂಜಿನ್ ಕೂರಿಸಿದರು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಅದು ಅಂಚು ದಾಟಿ ಉರುಳಿ, ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ತೀರಿಕೊಂಡರು. ಉಳಿದದ್ದನ್ನು ಮತ್ತೆ ಕಟ್ಟಿ ಮುಚ್ಚಿದ ಕೂಪೆ ಬಾಡಿ ಹಾಕಿದರು. ದಶಕಗಳ ನಂತರ ಅದಕ್ಕೆ ಒಂದು ಕೋಟಿ ಪೌಂಡಿನ ವ್ಯಾಪಾರ ಕುದುರಿತು. ಕೊಳ್ಳಬೇಕಿದ್ದ ಕಂಪನಿ ಹಿಂದೆ ಸರಿಯಿತು: ಲೆ ಮಾನ್ಸ್ ಗೆದ್ದ ಕಾರಿನಲ್ಲಿ ಉಳಿದಿರುವುದೇ ಅಷ್ಟಿಷ್ಟು, ಇದು ಆ ಕಾರೇ ಅಲ್ಲ ಅಂತ.

1990ರಲ್ಲಿ ನ್ಯಾಯಮೂರ್ತಿ ಆಟನ್ ಕೊಟ್ಟ ತೀರ್ಪು ಹಳೇ ಕಾರಿನ ಲೋಕದಲ್ಲಿ ಇವತ್ತಿಗೂ ಆಧಾರ. ಲೆ ಮಾನ್ಸ್‌ನಲ್ಲಿ ಓಡಿದ ಲೋಹ ಬಹಳ ಕಡಿಮೆ ಉಳಿದಿದೆ ಎಂದು ಅವರು ಒಪ್ಪಿದರು. ಹಾಗಾಗಿ ಕಾರ್ಖಾನೆಯಿಂದ ಬಂದಂತೆಯೇ ಇರುವ ಗಾಡಿ ಅಂತ ಕರೆಯುವಂತಿಲ್ಲ. ಆದರೆ ಈ ಕಾರು ನಿಂತು ಇನ್ನೊಂದು ಶುರುವಾಯಿತು ಅನ್ನುವ ಗಳಿಗೆ ಎಲ್ಲೂ ಇಲ್ಲ, ಬದಲಾವಣೆಯೆಲ್ಲ ಹಂತ ಹಂತವಾಗಿ ಆದದ್ದು, ಆ ಹೆಸರಿಗೆ ಹಕ್ಕು ಹೇಳುವ ಬೇರೆ ಕಾರೂ ಇಲ್ಲ. ಆದ್ದರಿಂದ ಇದೇ ಓಲ್ಡ್ ನಂಬರ್ ಒನ್. ಕೇಸು ಮಾರುವವರ ಪರವಾಯಿತು.

ಈ ತೀರ್ಪು ನಮಗೆ ಹೊಸದಾಗಿ ಕಾಣಬೇಕಿಲ್ಲ. ನಮ್ಮ ಊರ ತೇರಿನ ಗಾಲಿ ಅಜ್ಜನ ಕಾಲದ್ದಲ್ಲ, ಅಚ್ಚು ಬದಲಾಗಿದೆ, ಮೇಲಿನ ಮರ ಎರಡು ಸಲ ಜೀರ್ಣೋದ್ಧಾರ ಕಂಡಿದೆ. ಆದರೂ ರಥಸಪ್ತಮಿಯ ದಿನ ಎಳೆಯುವುದು ಅದೇ ತೇರನ್ನು. ಯಾಕೆಂದರೆ ಗಾಲಿ ಬದಲಾದದ್ದು ಊರಿನ ಕಣ್ಣೆದುರಿಗೇ. ಯಾವ ಬಡಗಿ, ಯಾವ ವರ್ಷ ಅಂತ ಹೇಳುವವರಿದ್ದಾರೆ. ರೇಸ್ ಕಾರಿನ ಅಸಲಿತನವೂ ಅಲ್ಲೇ ಇದೆ ಅಂತ ನಾನು ನಂಬುತ್ತೇನೆ. ಲೋಹಕ್ಕಿಂತ ಹೆಚ್ಚಾಗಿ ಅದು ಸಾಕ್ಷಿಯ ಸರಪಳಿಯಲ್ಲಿರುತ್ತದೆ.

ಹಾಗಂತ ಲೋಹ ಏನೂ ಹೇಳುವುದಿಲ್ಲ ಅಂತಲ್ಲ. ಬೋಲ್ಟಿನ ಥ್ರೆಡ್ ನೋಡಿ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಇಂಗ್ಲಿಷ್ ಕಾರುಗಳಲ್ಲಿ ವಿಟ್‌ವರ್ತ್ ಅಳತೆ. ಬ್ರಿಟನ್, ಅಮೆರಿಕ, ಕೆನಡಾ ಸೇರಿ ಯೂನಿಫೈಡ್ ಥ್ರೆಡ್ ಒಪ್ಪಿದ್ದು 1948ರಲ್ಲಿ. 1930ರದು ಎನ್ನುವ ಗಾಡಿಯಲ್ಲಿ ಅಂಥ ಬೋಲ್ಟು ಸಿಕ್ಕರೆ ಯಾವಾಗ, ಯಾಕೆ ಬದಲಾಯಿತು ಅಂತ ಕೇಳಲೇಬೇಕು. ಟಿಗ್ ವೆಲ್ಡಿಂಗ್ ಬಳಕೆಗೆ ಬಂದದ್ದು ನಲವತ್ತರ ದಶಕದಲ್ಲಿ. ಅದಕ್ಕೂ ಹಳೆಯ ಚಾಸಿಯಲ್ಲಿ ಅಂಥ ನುಣ್ಣನೆ ಬೆಸುಗೆ ಕಂಡರೆ ಅದು ಆಮೇಲಿನ ಕೈ. ಹಳೇ ರೇಸ್ ಎಂಜಿನ್ನುಗಳಿಗೆ ಹರಳೆಣ್ಣೆ ಹಾಕುತ್ತಿದ್ದರು. ಕಾದು ಕಾದು ಅದು ಒಳಗೆಲ್ಲ ಕಂದು ಅರಗಿನಂತೆ ಅಂಟಿರುತ್ತದೆ.

ನಂಬರಿನದೇ ಒಂದು ಶಾಸ್ತ್ರ. ಉಕ್ಕಿನ ಮೇಲೆ ಅಕ್ಷರ ಪಂಚ್ ಮಾಡಿದಾಗ ಪೆಟ್ಟು ಮೇಲ್ಮೈಗಷ್ಟೇ ಬೀಳುವುದಿಲ್ಲ, ಕೆಳಗಿನ ಲೋಹದ ಹರಳುಗಳೂ ನಲುಗುತ್ತವೆ. ಅರದಿಂದ ಉಜ್ಜಿ ಅಳಿಸಿದರೂ ಆ ನಲುಗು ಉಳಿಯುತ್ತದೆ. ಆಸಿಡ್ ಸವರಿದರೆ ನಲುಗಿದ ಲೋಹ ಬೇರೆ ವೇಗದಲ್ಲಿ ಕರಗುವುದರಿಂದ ಹೋದ ಅಂಕಿ ಮಸುಕಾಗಿ ಮೇಲೆ ಬರುತ್ತದೆ. ಕದ್ದ ವಾಹನಗಳ ನಂಬರ್ ಓದಲು ನಮ್ಮ ಮಡಿವಾಳದ ಪ್ರಯೋಗಾಲಯದಂಥ ವಿಧಿವಿಜ್ಞಾನ ಸಂಸ್ಥೆಗಳು ಬಳಸುವ ವಿದ್ಯೆ ಇದೇ.

ಆದರೆ ಹಳೇ ಲೋಹ ಇದ್ದ ಮಾತ್ರಕ್ಕೆ ಹಳೇ ಕಾರು ಅಂತ ಸಾಬೀತಾಗುವುದಿಲ್ಲ. ಗುಜರಿಯಲ್ಲಿ ಹಳೇ ಬೋಲ್ಟು ಸಿಗುತ್ತದೆ. ಪೀಣ್ಯದ ಒಳ್ಳೆಯ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರದ) ಶಾಪಿಗೆ ಮಾದರಿ ಕೊಟ್ಟರೆ ಯಾವ ಭಾಗವೂ ಥೇಟ್ ಹಾಗೇ ತಯಾರಾಗಿ ಬರುತ್ತದೆ. ಕೊನೆಗೆ ಬೇಕಾಗುವುದು ಕಾಗದ ಮತ್ತು ಫೋಟೊ: ಎಂಟ್ರಿ ಪಟ್ಟಿ, ರೇಸಿಗೆ ಮುಂಚಿನ ತಾಂತ್ರಿಕ ತಪಾಸಣೆಯ ಹಾಳೆ, ಬಿಲ್ಲು, ಪತ್ರ.

ನಮ್ಮಲ್ಲಿ ಸೋಲುವುದು ಇಲ್ಲೇ. ಆಮದು ಬಿಗಿಯಾಗಿದ್ದ ಕಾಲದಲ್ಲಿ ನಮ್ಮ ರೇಸಿಗರು ಫಿಯಟ್, ಹೆರಾಲ್ಡ್, ಅಂಬಾಸಿಡರ್‌ಗಳನ್ನೇ ಬಿಚ್ಚಿ ಬಡಿದು ಹದ ಮಾಡಿದರು. ಮದ್ರಾಸಿನ ಉತ್ತರಕ್ಕಿರುವ ಶೋಲಾವರಂ ಎರಡನೇ ಮಹಾಯುದ್ಧದ ಹಳೇ ರನ್‌ವೇ. ಬೆಂಗಳೂರಿನ ವಿಜಯ್ ಮಲ್ಯ ಎನ್ಸೈನ್ ಫಾರ್ಮುಲಾ ಒನ್ ಕಾರನ್ನು ಓಡಿಸಿದ್ದೂ ಅಲ್ಲೇ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಆಧರಿಸಿದ ಡಾಲ್ಫಿನ್ 848 ಸಿಸಿಯ ಅಲ್ಯುಮಿನಿಯಂ ಎಂಜಿನ್, ಹಗುರ ಮೈ, ಹಿಂಗಾಲಿಯ ಎಳೆತದಿಂದ ಅಲ್ಲಿ ಹೆಸರು ಮಾಡಿತು. ರಸ್ತೆಯಲ್ಲಿ 1983ರ ಕೊನೆಗೆ ಬಂದ ಮಾರುತಿ 800 ಎದುರು ನಿಲ್ಲಲಾಗಲಿಲ್ಲ. ಶೋಲಾವರಂನ ಆ ಗೆಲುವುಗಳ ಕಾಗದ ಎಷ್ಟೋ ಅಟ್ಟದ ಮೇಲಿನ ಟ್ರಂಕುಗಳಲ್ಲಿ ಗೆದ್ದಲ ಪಾಲಾಗಿದೆ. ಇದು ನನಗೆ ನಿಜಕ್ಕೂ ಸಂಕಟ ತರುವ ವಿಷಯ.

ಸರ್ಕಾರದ ನಿಯಮವೂ ರೇಸ್ ಕಾರಿಗೆ ಒದಗುವುದಿಲ್ಲ. 2021ರ ವಿಂಟೇಜ್ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ನಿಗೆ ದೊಡ್ಡ ಬದಲಾವಣೆ ಆಗಿರಬಾರದು. ಆಗ 'ವಿಎ' ಅಕ್ಷರದ ನಂಬರ್ ಸಿಗುತ್ತದೆ. 1982ರ ಡಾಲ್ಫಿನ್‌ಗೆ 2032 ಬರಬೇಕು. ಬದಲಾಗದೇ ಉಳಿದ ರೇಸ್ ಕಾರು ಎಂದರೆ ಹೆಚ್ಚಾಗಿ ಓಡದೇ ಉಳಿದ ರೇಸ್ ಕಾರು. ರೇಸಿಗೆಂದೇ ಕಟ್ಟಿದ ಒಂಟಿ ಸೀಟಿನ ಗಾಡಿಗೆ ನೋಂದಣಿಯೇ ಇರುವುದಿಲ್ಲ.

ಮತ್ತೆ ರಾಜಾಜಿನಗರದ ಶೆಡ್ಡಿಗೆ. ಫೈಬರ್ ಬಾಡಿ ಅಚ್ಚಿನಿಂದ ಬರುವುದರಿಂದ ಹೊರಗಿನಿಂದ ಎಲ್ಲವೂ ಒಂದೇ. ಒಳಗೆ ಟಾರ್ಚು ಬಿಟ್ಟು ನೋಡಿದೆವು. ನೆಲದಲ್ಲಿ ರೋಲ್ ಕೇಜ್ (ಗಾಡಿ ಉರುಳಿದರೆ ಚಾಲಕನನ್ನು ಕಾಯುವ ಚೌಕಟ್ಟು) ಕೂರಿಸಿದ್ದ ತೂತುಗಳಿವೆ, ಆದರೆ ಅವನ್ನು ಯಾರು ಯಾವಾಗ ಬೇಕಾದರೂ ಕೊರೆಯಬಹುದು. ಎಡ ಮುಂಗಾಲಿಯ ಮೇಲ್ಭಾಗದ ಒಳಮೈಯಲ್ಲಿ ಮಾತ್ರ ಅಂಗೈ ಅಗಲದ ತೇಪೆ, ಅವಸರದಲ್ಲಿ ಅಂಟಿಸಿದ ಫೈಬರ್ ಮ್ಯಾಟು, ಕಂದಿದ ರೆಸಿನ್. ಎಲ್ಲೋ ಗುದ್ದಿದೆ, ಯಾರೋ ರಾತ್ರೋರಾತ್ರಿ ಸರಿಮಾಡಿದ್ದಾರೆ. ಅದೇ ಜಾಗ ಒಡೆದಿರುವ ಡಾಲ್ಫಿನ್‌ನ ಫೋಟೊ, ರೇಸ್ ನಂಬರ್ ಸಮೇತ, ಒಂದು ಸಿಕ್ಕರೆ ಸಾಕು. ಹಳೇ ಮೆಕ್ಯಾನಿಕ್ಕುಗಳ ಮನೆಯ ಆಲ್ಬಂ ತಿರುವುವ ಕೆಲಸ ಶುರುವಾಗಿದೆ. ಅಲ್ಲಿಯವರೆಗೆ ಆ ತೇಪೆಯನ್ನು ಉಜ್ಜುವುದಿಲ್ಲ, ಪೇಂಟು ಹೊಡೆಯುವುದಿಲ್ಲ ಅಂತ ಮಾಲೀಕರು ಒಪ್ಪಿದ್ದಾರೆ.