ಓಡುವ ಕಾಗದದ ತೇವವನ್ನು ಅಳೆಯುವ ಬೆಳಕು

ಅವಕೆಂಪು, ಅಂದರೆ ಇನ್‌ಫ್ರಾರೆಡ್, ಎಂದೊಡನೆ ಶಾಖವೆಂದೇ ತಿಳಿಯುವ ಅಭ್ಯಾಸ ನಮ್ಮಲ್ಲಿ ಆಳವಾಗಿ ಬೇರೂರಿದೆ. ಕಾಗದದ ಕಾರ್ಖಾನೆಯಲ್ಲಿ ಅವಕೆಂಪು ಬೆಳಕಿನಿಂದ ತೇವಾಂಶವನ್ನು ಅಳೆಯುತ್ತಾರೆಂದು ಹೇಳಿದರೆ, ಒದ್ದೆಯಾದ ಭಾಗ ತಣ್ಣಗಿರುವುದನ್ನು ಉಪಕರಣ ಪತ್ತೆಹಚ್ಚುತ್ತದೆಂದು ವಿಜ್ಞಾನ ಓದಿದವರೂ ಊಹಿಸಿಬಿಡುತ್ತಾರೆ. ಈ ತಪ್ಪಿಗೆ ಘನವಾದ ಮೂಲವೇ ಇದೆ. 1800ರಲ್ಲಿ ಖಗೋಳಜ್ಞ ವಿಲಿಯಂ ಹರ್ಷೆಲ್ ಪಟ್ಟಕದಿಂದ ಹೊರಬಿದ್ದ ಬಣ್ಣಗಳಲ್ಲಿ ಉಷ್ಣಮಾಪಕಗಳನ್ನಿಟ್ಟು ನೋಡಿದಾಗ, ಕೆಂಪಿನ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಪಾದರಸ ಇನ್ನಷ್ಟು ಏರಿತು. ಹೀಗೆ ಆ ಕಿರಣಗಳು ಹುಟ್ಟುವಾಗಲೇ ಶಾಖದ ಹೆಸರು ಹೊತ್ತುಕೊಂಡವು. ಅದಕ್ಕೆ ಒಂದು ವರ್ಷ ಮೊದಲು, 1799ರಲ್ಲಿ, ಫ್ರಾನ್ಸಿನ ಲೂಯಿ ನಿಕೊಲಾ ರಾಬರ್ಟ್ ಎಂಬಾತ ಕಾಗದವನ್ನು ಹಾಳೆ ಹಾಳೆಯಾಗಿ ಅಲ್ಲದೆ ಅಖಂಡ ಪಟ್ಟಿಯಾಗಿ ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಹೆಚ್ಚುಕಡಿಮೆ ಅವಳಿಗಳಂತೆ ಹುಟ್ಟಿದ ಈ ಎರಡು ಸಂಗತಿಗಳು ಕಾರ್ಖಾನೆಯಲ್ಲಿ ಒಂದುಗೂಡಲು 20ನೆಯ ಶತಮಾನದ ಉತ್ತರಾರ್ಧದವರೆಗೆ ಕಾಯಬೇಕಾಯಿತು.

ಯಂತ್ರದ ತಂತಿಬಲೆಯ ಮೇಲೆ ಸುರಿಯುವ ತಿರುಳಿನಲ್ಲಿ ಸುಮಾರು 99 ಪಾಲು ನೀರೇ. ಅದು ಸೋರಿ, ಹಿಂಡಿಸಿಕೊಂಡು, ಹಬೆಯಿಂದ ಕಾದ ಉರುಳೆಗಳ ಮೇಲೆ ಒಣಗಿ, ಕೊನೆಗೆ ಶೇ. 5ರಿಂದ 8ರಷ್ಟು ತೇವದಲ್ಲಿ ನಿಲ್ಲಬೇಕು. ಹೆಚ್ಚು ಒಣಗಿದರೆ ಹಬೆ ವ್ಯರ್ಥ, ಕಾಗದ ಪೆಡಸು. ಕಡಿಮೆ ಒಣಗಿದರೆ ಸುರುಳಿಯಲ್ಲಿ ಸುಕ್ಕು, ಬೂಷ್ಟು. ಆದರೆ ನಿಜವಾದ ತಲೆನೋವು ಸರಾಸರಿಯದಲ್ಲ, ಏರಿಳಿತದ್ದು. ಅಗಲದಲ್ಲಿ ಎಲ್ಲೋ ಒಂದು ಒದ್ದೆ ಪಟ್ಟೆ ಉಳಿದರೂ ಅದನ್ನು ಒಣಗಿಸಲು ಇಡೀ ಅಗಲವನ್ನೇ ಅತಿಯಾಗಿ ಕಾಯಿಸಬೇಕಾಗುತ್ತದೆ. ತುಂಡು ಕತ್ತರಿಸಿ, 105 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿಟ್ಟು, ಮೊದಲ ಮತ್ತು ನಂತರದ ತೂಕಗಳನ್ನು ಹೋಲಿಸುವ ವಿಧಾನ ನಂಬಿಕಸ್ಥವೇ; ಆದರೆ ನಿಮಿಷಕ್ಕೆ 1,000 ಮೀಟರ್ ಓಡುವ ಯಂತ್ರದಲ್ಲಿ ಆ ಉತ್ತರ ಬರುವ ಹೊತ್ತಿಗೆ ಹತ್ತಾರು ಕಿಲೋಮೀಟರ್ ಕಾಗದ ಸುತ್ತಿಹೋಗಿರುತ್ತದೆ.

ಇಲ್ಲಿ ಬೆಳಕು ಮಾಡುವ ಕೆಲಸ ಶಾಖದ್ದಲ್ಲ, ಲೆಕ್ಕದ್ದು. ನೀರಿನ ಅಣುವಿನಲ್ಲಿ ಆಮ್ಲಜನಕ ಮತ್ತು ಜಲಜನಕಗಳ ನಡುವಿನ ಬಂಧ ಸ್ಪ್ರಿಂಗಿನಂತೆ ಕಂಪಿಸುತ್ತದೆ. ಅದರ ಮೂಲ ಕಂಪನ ಸುಮಾರು 3 ಮೈಕ್ರೋಮೀಟರ್ ತರಂಗಾಂತರದ ಬೆಳಕನ್ನು ಹೀರುತ್ತದೆ. ಮೀಟಿದ ತಂತಿ ಮೂಲ ಸ್ವರದ ಜೊತೆಗೆ ಮೇಲಿನ ಸ್ಥಾಯಿಯಲ್ಲೂ ಸಣ್ಣಗೆ ದನಿಗೊಡುವಂತೆ, ಈ ಬಂಧಕ್ಕೂ 1.45 ಮೈಕ್ರೋಮೀಟರ್ ಬಳಿ ಒಂದು ಕ್ಷೀಣ ಪ್ರತಿಸ್ವರವಿದೆ; ಹಿಗ್ಗುವ ಮತ್ತು ಬಾಗುವ ಕಂಪನಗಳು ಕೂಡಿ 1.94ರ ಬಳಿ ಇನ್ನೊಂದನ್ನು ಕೊಡುತ್ತವೆ. ಮೂಲ ಸ್ವರವನ್ನು ಬಿಟ್ಟು ಕ್ಷೀಣವಾದವನ್ನು ಹಿಡಿಯುವುದೇಕೆ? ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದಲ್ಲಿ ಶೇ. 6 ತೇವವಿದ್ದರೆ, ಅದರಲ್ಲಿರುವ ನೀರನ್ನು ಹರಡಿದಾಗ ಆಗುವುದು ಕೇವಲ 5 ಮೈಕ್ರೋಮೀಟರ್ ದಪ್ಪದ ಪೊರೆ. ಇಷ್ಟು ತೆಳು ಪೊರೆಯೂ 3 ಮೈಕ್ರೋಮೀಟರಿನ ಬೆಳಕನ್ನು ಬಹುತೇಕ ನುಂಗಿಬಿಡುತ್ತದೆ. ಎಲ್ಲವನ್ನೂ ನುಂಗಿದ ಮೇಲೆ ಹೆಚ್ಚು ನೀರಿಗೂ ಕಡಿಮೆ ನೀರಿಗೂ ವ್ಯತ್ಯಾಸ ಗೊತ್ತಾಗುವುದಾದರೂ ಹೇಗೆ? ಆದ್ದರಿಂದಲೇ ತೆಳು ಕಾಗದಕ್ಕೆ 1.94, ದಪ್ಪ ಅಥವಾ ಹೆಚ್ಚು ಒದ್ದೆಯಾದ ಹಾಳೆಗೆ ಇನ್ನೂ ಕ್ಷೀಣವಾದ 1.45.

ಬೆಳಕು ಕಾಗದದೊಳಗೆ ನೇರವಾಗಿ ಸಾಗುವುದೂ ಇಲ್ಲ. ನಾರು, ಗಾಳಿ, ಮತ್ತೆ ನಾರು: ಪ್ರತಿ ಅಂಚಿನಲ್ಲೂ ಅದು ತಿರುಗುತ್ತದೆ. ಕಾಗದ ಬೆಳ್ಳಗೆ ಕಾಣುವುದು ಈ ಚದುರಿಕೆಯಿಂದಲೇ. ಜಾತ್ರೆಯ ಜಂಗುಳಿಯಲ್ಲಿ ಎದುರು ಬದಿಗೆ ಹೋಗಹೊರಟವನು ಹೆಜ್ಜೆಗೊಮ್ಮೆ ಯಾರಿಗೋ ತಾಗಿ, ಪಕ್ಕಕ್ಕೆ ಸರಿದು, ಕೆಲವೊಮ್ಮೆ ಬಂದ ದಾರಿಗೇ ಮರಳುವಂತೆ, ಬೆಳಕಿನ ಕಣ ಹಾಳೆಯ ದಪ್ಪಕ್ಕಿಂತ ಹಲವು ಪಟ್ಟು ದೂರ ಅಲೆಯುತ್ತದೆ. ಅಲೆದಷ್ಟೂ ನೀರನ್ನು ಎದುರಿಸುವ ಅವಕಾಶ ಹೆಚ್ಚು. ಇದು ಅನುಕೂಲವೂ ಹೌದು, ತೊಡಕೂ ಹೌದು: ಹಿಂದಿರುಗಿದ ಬೆಳಕು ಕುಗ್ಗಿದ್ದು ನೀರಿನಿಂದಲೋ, ದಾರಿ ಉದ್ದವಾದದ್ದರಿಂದಲೋ, ದೀಪ ಮಂಕಾಗಿದ್ದರಿಂದಲೋ, ಕಿಟಕಿಯ ಗಾಜಿನ ಮೇಲೆ ಕೂತ ಧೂಳಿನಿಂದಲೋ? ಪರಿಹಾರ ಸರಳ, ನನ್ನ ಮಟ್ಟಿಗೆ ಸುಂದರ ಕೂಡ. ನೀರು ಅಷ್ಟಾಗಿ ಹೀರದ, 1.8ರ ಆಸುಪಾಸಿನ ಇನ್ನೊಂದು ಬೆಳಕನ್ನೂ ಅದೇ ದಾರಿಯಲ್ಲಿ ಕಳಿಸಿ, ಎರಡರ ಅನುಪಾತವನ್ನು ನೋಡುವುದು. ಒಂದೇ ಗುಂಡಿಬಿದ್ದ ರಸ್ತೆಯಲ್ಲಿ ಇಬ್ಬರನ್ನು ಕಳಿಸಿದರೆ ರಸ್ತೆಯ ದೋಷ ಇಬ್ಬರಿಗೂ ಸಮ. ತಡವಾದದ್ದು ಒಬ್ಬನೇ ಎಂದಾದರೆ ಕಾರಣ ರಸ್ತೆಯಲ್ಲ. 2.1ರ ಬಳಿ, ನಾರಿನ ಮುಖ್ಯ ವಸ್ತುವಾದ ಸೆಲ್ಯುಲೋಸ್ ಹೀರುವ ಮೂರನೆಯ ಬೆಳಕನ್ನೂ ಸೇರಿಸಿಕೊಂಡರೆ ನಾರಿನ ಪಾಲೂ ತಿಳಿಯುತ್ತದೆ.

ಲೇಪನದ ವಿಷಯದಲ್ಲಿ ಈ ಉಪಾಯದ ಬೆಲೆ ಇನ್ನೂ ಹೆಚ್ಚು. ನುಣುಪು ಕಾಗದದ ಮೇಲ್ಮೈಗೆ ಕೇವೋಲಿನ್ ಜೇಡಿ, ಸುಣ್ಣದ ಪುಡಿ (ಕ್ಯಾಲ್ಸಿಯಂ ಕಾರ್ಬೊನೇಟ್) ಮತ್ತು ಲೇಟೆಕ್ಸ್ ಅಂಟಿನ ಮಿಶ್ರಣವನ್ನು ಬಳಿಯುತ್ತಾರೆ. ಹಳೆಯ ಕ್ರಮದಲ್ಲಿ, ಕ್ರಿಪ್ಟಾನ್-85 ಅಥವಾ ಪ್ರೊಮೀಥಿಯಂ-147 ಎಂಬ ವಿಕಿರಣಶೀಲ ವಸ್ತುಗಳ ಬೀಟಾ ಕಣಗಳನ್ನು ಹಾಯಿಸಿ, ಎಷ್ಟು ಕಣಗಳು ದಾಟಿದವೆಂಬುದರಿಂದ ಹಾಳೆಯ ತೂಕ ತಿಳಿದು, ಬಳಿಯುವ ಮೊದಲಿನ ಮತ್ತು ನಂತರದ ತೂಕಗಳನ್ನು ಕಳೆಯುತ್ತಿದ್ದರು. 80 ಗ್ರಾಮಿನ ಹಾಳೆಗೆ 10 ಗ್ರಾಂ ಲೇಪನವೆಂದಿಟ್ಟುಕೊಳ್ಳಿ. ಎರಡೂ ಅಳತೆಗಳು ಶೇ. 0.5ರಷ್ಟು ತಪ್ಪಿದರೆ ಸಾಕು, ಕೆಟ್ಟ ಸಂದರ್ಭದಲ್ಲಿ ವ್ಯತ್ಯಾಸ 0.85 ಗ್ರಾಮಿನಷ್ಟು ಕೆಡುತ್ತದೆ, ಅಂದರೆ ಲೇಪನದ ಶೇ. 8.5! ಬೆಳಕಾದರೋ ಲೇಪನವನ್ನೇ ನೇರವಾಗಿ ಮಾತಾಡಿಸುತ್ತದೆ: ಕೇವೋಲಿನ್ 2.2ರ ಬಳಿ, ಲೇಟೆಕ್ಸಿನ ಇಂಗಾಲ-ಜಲಜನಕ ಬಂಧ 2.3ರ ಬಳಿ ಹೀರುತ್ತದೆ. ಸುಣ್ಣದ ಪುಡಿಗೆ ಮಾತ್ರ 3.9ರಾಚೆಗೆ ಹೋಗಬೇಕು.

ಇಷ್ಟೆಲ್ಲ ಜಾಣತನವಿದ್ದರೂ ಉಪಕರಣ ನೋಡುವುದು ಕಾಗದದ ಅಲ್ಪಭಾಗವನ್ನಷ್ಟೇ. ಅಳೆಯುವ ತಲೆ ಅಗಲದುದ್ದಕ್ಕೂ ಅತ್ತಿಂದಿತ್ತ ಚಲಿಸುತ್ತದೆ. ಒಮ್ಮೆ ದಾಟಲು 20 ಸೆಕೆಂಡು ಹಿಡಿದರೆ, ಸೆಕೆಂಡಿಗೆ 20 ಮೀಟರ್ ಓಡುವ ಹಾಳೆಯಲ್ಲಿ ಅದು ಕಂಡದ್ದು 400 ಮೀಟರ್ ಉದ್ದದ ಒಂದು ಓರೆ ಗೆರೆ. ಆ ಗೆರೆಯಲ್ಲಿ ಒದ್ದೆ ಸಿಕ್ಕರೆ ಅದು ಯಾವಾಗಲೂ ಅಲ್ಲೇ ಇರುವ ಪಟ್ಟೆಯೋ, ಆ ಕ್ಷಣಕ್ಕಷ್ಟೇ ಬಂದ ಏರಿಳಿತವೋ ಎಂಬುದು ಹಲವು ಸಲ ದಾಟಿ ಸರಾಸರಿ ತೆಗೆದ ಮೇಲಷ್ಟೇ ತಿಳಿಯುತ್ತದೆ. ಅಲ್ಲದೆ ಅನುಪಾತವೆಂಬುದು ಬರಿಯ ಅಂಕಿ, ಅದು ಶೇ. 6 ತೇವಕ್ಕೆ ಸಮವೆಂದು ಉಪಕರಣಕ್ಕೆ ಯಾರಾದರೂ ಕಲಿಸಬೇಕು. ಕಲಿಸಲು ತೇವ ಆರದಂತೆ ಚೀಲದಲ್ಲಿ ಬಿಗಿದ ಕಾಗದದ ತುಂಡುಗಳು, ತಕ್ಕಡಿ, ಮತ್ತು ಅದೇ 105 ಡಿಗ್ರಿಯ ಒಲೆ ಬೇಕು.