ಮಚ್ಚೆ ಬೆನ್ನಲ್ಲಿ, ಪರೀಕ್ಷೆ ಕಂಕುಳಲ್ಲಿ

ಬೆನ್ನ ಮೇಲಿನ ಒಂದು ಮಚ್ಚೆ ಬಣ್ಣ ಬದಲಿಸುತ್ತದೆ. ವೈದ್ಯರು ಅದನ್ನು ತೆಗೆದು ಲ್ಯಾಬ್‌ಗೆ ಕಳಿಸುತ್ತಾರೆ. ಮೆಲನೋಮಾ ಎಂದು ರಿಪೋರ್ಟ್ ಬರುತ್ತದೆ, ದಪ್ಪ 1.6 ಮಿಲಿಮೀಟರ್. ಆಮೇಲೆ ಸರ್ಜನ್ ಹೇಳುವ ಮಾತು ರೋಗಿಗೆ ವಿಚಿತ್ರ ಅನ್ನಿಸುತ್ತದೆ. ಮಚ್ಚೆ ಇದ್ದ ಜಾಗದ ಸುತ್ತ ಇನ್ನೂ ಸ್ವಲ್ಪ ಚರ್ಮ ತೆಗೆಯಬೇಕಂತೆ, ಸರಿ. ಅದರ ಜೊತೆಗೆ ಕಂಕುಳಿನಿಂದ ಒಂದು ಗ್ರಂಥಿಯನ್ನೂ ತೆಗೆದು ನೋಡಬೇಕಂತೆ. ಕಂಕುಳಲ್ಲಿ ಗಂಟಿಲ್ಲ, ನೋವಿಲ್ಲ, ಒತ್ತಿ ನೋಡಿದರೂ ಏನೂ ಸಿಗುವುದಿಲ್ಲ. ಸುಮ್ಮನಿರುವ ಜಾಗಕ್ಕೆ ಕತ್ತರಿ ಯಾಕೆ?

ರೋಗಿಗೆ ಹೀಗನ್ನಿಸುವುದು ಸಹಜ. ಇದೇ ವಿಷಯಕ್ಕೆ ಸರ್ಜನ್‌ಗಳು ಒಂದು ಶತಮಾನಕ್ಕಿಂತ ಜಾಸ್ತಿ ಕಾಲ ತಮ್ಮ ತಮ್ಮಲ್ಲೇ ಜಗಳ ಆಡಿದ್ದಾರೆ.

ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಎಂಬ ಜೀವಕೋಶಗಳು ಹದ್ದು ಮೀರಿ ಬೆಳೆದಾಗ ಆಗುವ ಕ್ಯಾನ್ಸರ್ ಮೆಲನೋಮಾ. ಚರ್ಮದ ಬೇರೆ ಸಾಮಾನ್ಯ ಕ್ಯಾನ್ಸರ್‌ಗಳು, ಅದರಲ್ಲೂ ಬೇಸಲ್ ಸೆಲ್ ಕ್ಯಾನ್ಸರ್, ಹೆಚ್ಚಾಗಿ ಹುಟ್ಟಿದ ಜಾಗದಲ್ಲೇ ಉಳಿಯುತ್ತವೆ. ಮೆಲನೋಮಾ ಹಾಗೆ ಇದ್ದಲ್ಲಿ ಇರುವ ಜಾತಿಯಲ್ಲ. ಅದು ಚರ್ಮದೊಳಗೆ ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದರ ಮೇಲೆ ಹರಡುವ ಅಪಾಯ ನಿಂತಿದೆ. ಈ ಆಳವನ್ನು ಅಳೆದರೆ ಮುಂದಿನದನ್ನು ಊಹಿಸಬಹುದು ಎಂದು 1970ರಲ್ಲಿ ತೋರಿಸಿದವರು ಅಮೆರಿಕದ ಪೆಥಾಲಜಿಸ್ಟ್ ಅಲೆಕ್ಸಾಂಡರ್ ಬ್ರೆಸ್ಲೋ. ರಿಪೋರ್ಟ್‌ನಲ್ಲಿ ಇವತ್ತಿಗೂ ಅವರ ಹೆಸರಲ್ಲೇ 'ಬ್ರೆಸ್ಲೋ ದಪ್ಪ' ಎಂದು ಬರೆಯುತ್ತಾರೆ. 0.8 ಮಿ.ಮೀ.ಗಿಂತ ತೆಳುವಾಗಿದ್ದು, ಮೇಲಿನ ಚರ್ಮ ಹುಣ್ಣಾಗಿ ಒಡೆದಿರದಿದ್ದರೆ, ಗ್ರಂಥಿಗೆ ಹರಡಿರುವ ಸಾಧ್ಯತೆ ಸಾಮಾನ್ಯವಾಗಿ 100ಕ್ಕೆ 5ಕ್ಕಿಂತ ಕಡಿಮೆ. ಅಂಥವರಿಗೆ ಗ್ರಂಥಿ ಪರೀಕ್ಷೆ ಬೇಡ ಎನ್ನುತ್ತಾರೆ. 1 ಮಿ.ಮೀ. ದಾಟಿದರೆ ಮಾಡಿಸಿಕೊಳ್ಳಿ ಎನ್ನುತ್ತಾರೆ. ಈ ಕ್ಯಾನ್ಸರ್‌ನಲ್ಲಿ ಒಂದು ಮಿಲಿಮೀಟರ್ ಬಹಳ ದೊಡ್ಡ ಅಳತೆ.

ಕಂಕುಳೇ ಏಕೆ ಅಂದರೆ, ಕಾರಣ ಲಿಂಫ್. ರಕ್ತನಾಳಗಳಿಂದ ಸದಾ ಸ್ವಲ್ಪ ದ್ರವ ಜಿನುಗಿ ಜೀವಕೋಶಗಳ ನಡುವೆ ಸೇರುತ್ತದೆ. ಅದನ್ನು ಸಣ್ಣ ಸಣ್ಣ ನಾಳಗಳು ಹೀರಿಕೊಂಡು ಮತ್ತೆ ರಕ್ತಕ್ಕೆ ಸೇರಿಸುತ್ತವೆ. ಆ ದ್ರವವೇ ಲಿಂಫ್, ಕನ್ನಡದ ಪಠ್ಯಗಳಲ್ಲಿ ಬರುವ ದುಗ್ಧರಸ. ದಾರಿಯಲ್ಲಿ ಅದು ಲಿಂಫ್ ಗ್ರಂಥಿಗಳನ್ನು ಹಾದು ಹೋಗಬೇಕು. ಕಂಕುಳು, ಕುತ್ತಿಗೆ, ತೊಡೆಸಂದುಗಳಲ್ಲಿ ಈ ಗ್ರಂಥಿಗಳು ಗುಂಪು ಗುಂಪಾಗಿವೆ. ಕಾಲಿಗೆ ಗಾಯವಾಗಿ ಕೀವಾದಾಗ ತೊಡೆಸಂದಿನಲ್ಲಿ ಗಂಟು ಏಳುತ್ತದಲ್ವಾ, ಅದು ಇದೇ. ಮೆಲನೋಮಾದ ಒಂಟಿ ಕೋಶವೊಂದು ಲಿಂಫ್ ನಾಳಕ್ಕೆ ಜಾರಿದರೆ ಅದೂ ಇದೇ ದಾರಿ ಹಿಡಿದು ಗ್ರಂಥಿಯಲ್ಲಿ ತಂಗುತ್ತದೆ.

ಇದು ಗೊತ್ತಾದ ಮೇಲೆ ಸರ್ಜನ್‌ಗಳು ಹಿಡಿದ ದಾರಿಯೂ ನೇರವಾಗಿಯೇ ಇತ್ತು. ಗ್ರಂಥಿ ಊದಿಕೊಳ್ಳುವವರೆಗೆ ಕಾಯಬೇಡಿ, ಮೊದಲೇ ಎಲ್ಲವನ್ನೂ ಕಿತ್ತು ತೆಗೆಯಿರಿ ಎಂದು 1892ರಲ್ಲಿ ಲಂಡನ್ನಿನ ಸರ್ಜನ್ ಹರ್ಬರ್ಟ್ ಸ್ನೋ ವಾದಿಸಿದರು. ಮುಂದಿನ ನೂರು ವರ್ಷ ಇದನ್ನು ಒಪ್ಪಿದವರು ಒಂದು ಕಡೆ, ಒಪ್ಪದವರು ಇನ್ನೊಂದು ಕಡೆ. ಒಪ್ಪದವರ ತಕರಾರಿನಲ್ಲಿ ಹುರುಳಿತ್ತು. ಹಾಗೆ ಕಿತ್ತ ಗ್ರಂಥಿಗಳಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುತ್ತಲೇ ಇರಲಿಲ್ಲ. ಲಿಂಫ್ ಹರಿಯುವ ದಾರಿ ಮಾತ್ರ ಹಾಳಾಗಿ, ಕೆಲವರಿಗೆ ಕೈಯೋ ಕಾಲೋ ಜೀವನಪೂರ್ತಿ ಊದಿಕೊಂಡೇ ಇರುತ್ತಿತ್ತು.

ಯಾವ ಗುಂಪಿನ ಗ್ರಂಥಿ ತೆಗೆಯಬೇಕು ಎನ್ನುವುದೂ ಊಹೆಯೇ ಆಗಿತ್ತು. 19ನೇ ಶತಮಾನದಲ್ಲಿ ಫ್ರಾನ್ಸಿನ ಅಂಗರಚನಾ ತಜ್ಞ ಸಾಪೆ ಶವಗಳ ಲಿಂಫ್ ನಾಳಗಳಿಗೆ ಪಾದರಸ ತುಂಬಿ ನಕ್ಷೆ ಬರೆದಿದ್ದರು. ಸೊಂಟಕ್ಕಿಂತ ಮೇಲಿದ್ದರೆ ಕಂಕುಳಿಗೆ, ಕೆಳಗಿದ್ದರೆ ತೊಡೆಸಂದಿಗೆ, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ನೋಡಲು ಚೆಂದದ ನಕ್ಷೆ. ಬದುಕಿರುವ ಮನುಷ್ಯರಲ್ಲಿ ಲಿಂಫ್ ಹರಿಯುವುದನ್ನು ಸ್ಕ್ಯಾನ್ ಮಾಡಿ ನೋಡಿದಾಗ ಗೊತ್ತಾಯಿತು, ದೇಹ ಈ ಗೆರೆಗಳನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೆನ್ನ ನಡುವಿನ ಚರ್ಮದ ಲಿಂಫ್ ಎರಡೂ ಕಂಕುಳಿಗೆ ಹೋಗಬಹುದು, ಕುತ್ತಿಗೆಗೆ ಹೋಗಬಹುದು, ಯಾರೂ ಎಣಿಸದ ಒಂದು ಒಂಟಿ ಗ್ರಂಥಿಗೂ ಹೋಗಬಹುದು. ಒಬ್ಬೊಬ್ಬರದು ಒಂದೊಂದು ದಾರಿ.

ಈ ಗೊಂದಲಕ್ಕೆ ಒಂದು ಹೊಸ ದಾರಿ ತೋರಿಸಿದ್ದು ಅಮೆರಿಕದ ಸರ್ಜನ್ ಡೊನಾಲ್ಡ್ ಮಾರ್ಟನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಲೇಖನ. ಅವರ ಯೋಚನೆ ಸರಳವಾಗಿತ್ತು. ಎಲ್ಲ ಗ್ರಂಥಿಗಳಿಗೂ ಲಿಂಫ್ ಒಟ್ಟಿಗೆ ಬರುವುದಿಲ್ಲ. ಮಚ್ಚೆಯ ಜಾಗದಿಂದ ಹೊರಟ ಲಿಂಫ್ ಮೊದಲು ತಲುಪುವ ಒಂದೋ ಎರಡೋ ಗ್ರಂಥಿ ಇರಲೇಬೇಕು. ಕ್ಯಾನ್ಸರ್ ಬಂದಿದ್ದರೆ ಮೊದಲು ಅಲ್ಲಿಗೇ ಬಂದಿರಬೇಕು. ಆ ಕಾವಲು ಗ್ರಂಥಿಯನ್ನು, ಅಂದರೆ ಸೆಂಟಿನೆಲ್ ಗ್ರಂಥಿಯನ್ನು, ಪತ್ತೆ ಮಾಡಲು ಅವರು ಮಚ್ಚೆಯ ಜಾಗಕ್ಕೆ ನೀಲಿ ಬಣ್ಣ ಚುಚ್ಚಿ ಆ ಬಣ್ಣದ ಹಿಂದೆ ಹೋದರು. ಊಹೆ ಸರಿಯೇ ಎಂದು ನೋಡಲು ಉಳಿದ ಗ್ರಂಥಿಗಳನ್ನೂ ತೆಗೆದು ಪರೀಕ್ಷಿಸಿದರು. ಕಾವಲು ಗ್ರಂಥಿ ಸ್ವಚ್ಛವಾಗಿದ್ದೂ ಬೇರೆ ಕಡೆ ಕ್ಯಾನ್ಸರ್ ಸಿಕ್ಕಿದ್ದು 3,079 ಗ್ರಂಥಿಗಳಲ್ಲಿ ಕೇವಲ 2ರಲ್ಲಿ.

ಈಗ ನೀಲಿ ಬಣ್ಣದ ಜೊತೆಗೆ ಟೆಕ್ನೀಷಿಯಂ ಎಂಬ ವಿಕಿರಣ ಬೀರುವ ವಸ್ತುವನ್ನೂ ಬಳಸುತ್ತಾರೆ. ಸರ್ಜರಿಯ ದಿನ ಅಥವಾ ಹಿಂದಿನ ದಿನ ಅದನ್ನು ಚರ್ಮಕ್ಕೆ ಚುಚ್ಚುತ್ತಾರೆ. ಅದು ಎಲ್ಲಿಗೆ ಹೋಗಿ ನಿಂತಿತು ಎಂದು ಗಾಮಾ ಕ್ಯಾಮೆರಾ ಚಿತ್ರ ತೆಗೆಯುತ್ತದೆ. ಆಪರೇಷನ್ ಕೋಣೆಯಲ್ಲಿ ಸರ್ಜನ್ ಕೈಯಲ್ಲಿ ಪೆನ್ನಿನಾಕಾರದ ಒಂದು ಶೋಧಕ ಇರುತ್ತದೆ, ಗ್ರಂಥಿ ಹತ್ತಿರವಾದಂತೆ ಅದರ ಸದ್ದು ಜೋರಾಗುತ್ತದೆ. ಟೆಕ್ನೀಷಿಯಂನ ವಿಕಿರಣ 6 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುವುದರಿಂದ ಬೇಗ ಕಳೆದುಹೋಗುತ್ತದೆ. ನೀಲಿ ಬಣ್ಣಕ್ಕೆ ಅಪರೂಪಕ್ಕೆ ಅಲರ್ಜಿ ಆಗುವುದುಂಟು. ಮಾರನೆಯ ದಿನ ಮೂತ್ರ ನೀಲಿಯೋ ಹಸಿರೋ ಆಗಿ ಬಂದರೆ ಹೆದರಬೇಕಿಲ್ಲ. (ಇದನ್ನು ಮೊದಲೇ ಹೇಳದೆ ರೋಗಿಯನ್ನು ಮನೆಗೆ ಕಳಿಸುವುದು ಮಾತ್ರ ದೊಡ್ಡ ತಪ್ಪು.)

ತೆಗೆದ ಗ್ರಂಥಿಯ ಫಲಿತಾಂಶಕ್ಕೆ ದಿನಗಟ್ಟಲೆ ಕಾಯಬೇಕು. ಆಪರೇಷನ್ ನಡೆಯುತ್ತಿರುವಾಗಲೇ ಗ್ರಂಥಿಯನ್ನು ಹೆಪ್ಪುಗಟ್ಟಿಸಿ ನೋಡುವ ಪದ್ಧತಿ ಇಲ್ಲಿ ಸರಿ ಬರುವುದಿಲ್ಲ. ಹುಡುಕುತ್ತಿರುವುದು ಕೆಲವೇ ಕೋಶಗಳನ್ನು, ಅವಸರದಲ್ಲಿ ಅವು ಕೈತಪ್ಪುತ್ತವೆ. ಗ್ರಂಥಿಯನ್ನು ತೆಳ್ಳಗೆ ಹಲವು ಪದರಗಳಾಗಿ ಸೀಳಿ, ಮೆಲನೋಸೈಟ್‌ಗಳನ್ನಷ್ಟೇ ಎತ್ತಿ ತೋರಿಸುವ ಬಣ್ಣಗಳನ್ನು ಹಾಕಿ ನೋಡುತ್ತಾರೆ. ಇಲ್ಲೊಂದು ಬಲೆಯೂ ಇದೆ. ಕೆಲವರ ಗ್ರಂಥಿಯ ಹೊದಿಕೆಯಲ್ಲಿ ಏನೂ ತೊಂದರೆ ಕೊಡದ ಮಚ್ಚೆಕೋಶಗಳೂ ಇರುತ್ತವೆ. ಅವನ್ನು ಕ್ಯಾನ್ಸರ್ ಎಂದುಕೊಂಡರೆ ರೋಗಿಗೆ ಬೇಡದ ಚಿಕಿತ್ಸೆ ಶುರುವಾಗುತ್ತದೆ. ಅನುಭವಿ ಪೆಥಾಲಜಿಸ್ಟ್ ಬೇಕು ಅನ್ನುವುದು ಇದಕ್ಕೇ.

ಇಷ್ಟೆಲ್ಲ ಮಾಡಿದರೆ ಜೀವ ಉಳಿಯುತ್ತದೆಯೇ? ಇಲ್ಲಿಂದ ಕಥೆ ಬೇರೆ ದಿಕ್ಕಿಗೆ ಹೊರಳುತ್ತದೆ.

ಮಾರ್ಟನ್ ನೇತೃತ್ವದಲ್ಲೇ ಎಂಎಸ್‌ಎಲ್‌ಟಿ-1 ಎಂಬ ದೊಡ್ಡ ಪ್ರಯೋಗ ನಡೆಯಿತು. ಒಂದು ಗುಂಪಿಗೆ ಕಾವಲು ಗ್ರಂಥಿಯ ಪರೀಕ್ಷೆ. ಇನ್ನೊಂದು ಗುಂಪಿಗೆ ಸುಮ್ಮನೆ ಗಮನಿಸುತ್ತಾ ಇರುವುದು, ಗ್ರಂಥಿ ಊದಿದರೆ ಆಗ ಸರ್ಜರಿ. ಅಂತಿಮ ಫಲಿತಾಂಶ 2014ರಲ್ಲಿ ಬಂತು. 1.2ರಿಂದ 3.5 ಮಿ.ಮೀ. ದಪ್ಪದ ಮೆಲನೋಮಾ ಇದ್ದವರಲ್ಲಿ, 10 ವರ್ಷದ ನಂತರ ಆ ಕ್ಯಾನ್ಸರ್‌ಗೆ ಬಲಿಯಾಗದೆ ಉಳಿದವರು ಪರೀಕ್ಷೆಯ ಗುಂಪಿನಲ್ಲಿ ಶೇ. 81.4, ಇನ್ನೊಂದರಲ್ಲಿ ಶೇ. 78.3. ಲೆಕ್ಕಶಾಸ್ತ್ರದ ಪ್ರಕಾರ ಇದು ನೆಚ್ಚಿಕೊಳ್ಳುವಂಥ ವ್ಯತ್ಯಾಸವಲ್ಲ. ಕ್ಯಾನ್ಸರ್ ಮರುಕಳಿಸುವುದು ಕಡಿಮೆಯಾಗಿತ್ತು, ನಿಜ. ಆದರೆ ಒಟ್ಟಾರೆ ಸಾವಿನ ಲೆಕ್ಕ ಹೆಚ್ಚು ಕದಲಲಿಲ್ಲ.

ಮುಂದಿನ ಪ್ರಶ್ನೆ ಇನ್ನೂ ಖಾರವಾಗಿತ್ತು. ಕಾವಲು ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕರೆ ಉಳಿದ ಗ್ರಂಥಿಗಳನ್ನೂ ತೆಗೆಯುವುದು ಆಗಿನ ರೂಢಿ. ಅದು ಬೇಕೇ? 2016ರಲ್ಲಿ ಜರ್ಮನಿಯ ಪ್ರಯೋಗ ಬೇಡ ಎಂಬ ಉತ್ತರದ ಕಡೆ ವಾಲಿತು. 2017ರಲ್ಲಿ ಎಂಎಸ್‌ಎಲ್‌ಟಿ-2 ಇದನ್ನು ಗಟ್ಟಿ ಮಾಡಿತು. 1,900ಕ್ಕೂ ಹೆಚ್ಚು ಜನರಿದ್ದ ಆ ಪ್ರಯೋಗದಲ್ಲಿ ಎಲ್ಲ ಗ್ರಂಥಿ ತೆಗೆಸಿಕೊಂಡವರಿಗೂ, ಅಲ್ಟ್ರಾಸೌಂಡ್ ಮಾಡಿಸಿಕೊಳ್ಳುತ್ತಾ ಕಾದವರಿಗೂ 3 ವರ್ಷದ ಬದುಕುಳಿಯುವ ಪ್ರಮಾಣ ಒಂದೇ, ಶೇ. 86. ವ್ಯತ್ಯಾಸ ಕಂಡಿದ್ದು ಊತದಲ್ಲಿ. ತೆಗೆಸಿಕೊಂಡವರಲ್ಲಿ ಶೇ. 24.1, ಕಾದವರಲ್ಲಿ ಶೇ. 6.3.

ಯಾಕೆ ಹೀಗೆ? ಕೆಲವರಲ್ಲಿ ಕ್ಯಾನ್ಸರ್ ಇದ್ದದ್ದೇ ಆ ಒಂದು ಕಾವಲು ಗ್ರಂಥಿಯಲ್ಲಿ. ಅದು ಪರೀಕ್ಷೆಗೆಂದು ತೆಗೆದಾಗಲೇ ಹೋಗಿರುತ್ತದೆ. ಇನ್ನು ಕೆಲವರಲ್ಲಿ ಅದು ಆ ಹೊತ್ತಿಗೆ ರಕ್ತದ ಮೂಲಕ ಶ್ವಾಸಕೋಶಕ್ಕೋ ಯಕೃತ್ತಿಗೋ ಹೋಗಿರುತ್ತದೆ. ಅವರ ಕಂಕುಳನ್ನು ಪೂರ್ತಿ ಬರಿದು ಮಾಡುವುದು, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ನನ್ನ ಪ್ರಕಾರ ಈ ಎರಡು ಪ್ರಯೋಗಗಳ ಕೊಡುಗೆ ಯಾವ ಹೊಸ ಔಷಧಿಗೂ ಕಡಿಮೆಯಲ್ಲ. ಸಾವಿರಾರು ಜನರ ಕೈಕಾಲು ಬೇಡದ ಊತದಿಂದ ಪಾರಾದವು.

ಹಾಗಾದರೆ ಪರೀಕ್ಷೆಯನ್ನೇ ಬಿಟ್ಟುಬಿಡಬಹುದಿತ್ತಲ್ಲ? ಬಿಡಲಿಲ್ಲ, ಏಕೆಂದರೆ ಅದು ಕೊಡುವ ಸುದ್ದಿಗೆ ಬೆಲೆ ಇದೆ. ರೋಗ ಮುಂದೆ ಹೇಗೆ ನಡೆದುಕೊಳ್ಳಬಹುದು ಎಂದು ಹೇಳುವುದರಲ್ಲಿ ಕಾವಲು ಗ್ರಂಥಿಯನ್ನು ಮೀರಿಸುವ ಗುರುತು ಕಡಿಮೆ. ಅಲ್ಲಿ ಕ್ಯಾನ್ಸರ್ ಸಿಕ್ಕರೆ ರೋಗ 3ನೇ ಹಂತಕ್ಕೆ ಬಂದಂತೆ. ಮೊದಲು ಈ ಸುದ್ದಿ ಇಟ್ಟುಕೊಂಡು ಮಾಡುವುದು ಹೆಚ್ಚೇನೂ ಇರಲಿಲ್ಲ. 2015ರ ನಂತರ ಸ್ಥಿತಿ ಬದಲಾಯಿತು. ರೋಗನಿರೋಧಕ ಶಕ್ತಿಯ ಮೇಲಿನ ಬ್ರೇಕ್ ತೆಗೆಯುವ ಇಪಿಲಿಮುಮಾಬ್, ನಿವೊಲುಮಾಬ್, ಪೆಂಬ್ರೊಲಿಝುಮಾಬ್ ಔಷಧಿಗಳು ಸರ್ಜರಿ ಆದವರಲ್ಲೂ ಮರುಕಳಿಕೆ ತಗ್ಗಿಸುತ್ತವೆ ಎಂದು ಒಂದರ ಹಿಂದೆ ಒಂದು ಪ್ರಯೋಗ ತೋರಿಸಿದವು. ಇವುಗಳ ಹಿಂದಿನ ಮೂಲ ಸಂಶೋಧನೆಗೆ 2018ರ ನೊಬೆಲ್ ಸಿಕ್ಕಿತು. ಬಿರಾಫ್ ಜೀನ್‌ನಲ್ಲಿ ಬದಲಾವಣೆ ಇದ್ದವರಿಗೆ ನುಂಗುವ ಮಾತ್ರೆಗಳೂ ಬಂದವು. ಈ ಔಷಧಿ ಯಾರಿಗೆ ಬೇಕು ಎಂದು ನಿರ್ಧರಿಸಲು ಗ್ರಂಥಿಯ ರಿಪೋರ್ಟ್ ಬೇಕೇ ಬೇಕಾಯಿತು.

ಈಗ ಅದಕ್ಕೂ ಸ್ಪರ್ಧೆ ಹುಟ್ಟಿದೆ. ಗ್ರಂಥಿ ಸ್ವಚ್ಛವಾಗಿದ್ದರೂ ಮೆಲನೋಮಾ ಬಹಳ ದಪ್ಪವಾಗಿದ್ದರೆ ಇಂಥ ಔಷಧಿ ಕೊಡಬಹುದು ಎಂದು ಆಮೇಲಿನ ಪ್ರಯೋಗಗಳು ಹೇಳಿವೆ. ಹೇಗೂ ಔಷಧಿ ಕೊಡುವುದಾದರೆ ಗ್ರಂಥಿ ಯಾಕೆ ತೆಗೆಯಬೇಕು ಎಂದು ಕೆಲವರು ಕೇಳುತ್ತಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಈ ಔಷಧಿಗಳು ಥೈರಾಯ್ಡ್, ಕರುಳು, ಯಕೃತ್ತಿಗೆ ತೊಂದರೆ ಕೊಡಬಹುದು, ಕೆಲವು ತೊಂದರೆ ಜೀವನಪೂರ್ತಿ ಉಳಿಯಬಹುದು. ಅಂಥ ಔಷಧಿಗೆ ಒಪ್ಪುವ ಮೊದಲು ತನ್ನ ಅಪಾಯ ನಿಜಕ್ಕೂ ಎಷ್ಟು ಎಂದು ತಿಳಿಯಲು ಬಯಸುವ ರೋಗಿಗೆ ಈ ಪರೀಕ್ಷೆ ಇನ್ನೂ ಉಪಯೋಗಕ್ಕೆ ಬರುತ್ತದೆ.

ಗ್ರಂಥಿ ಕೈಗೆ ಸಿಗುವಷ್ಟು ಊದಿದ್ದರೆ ದಾರಿಯೇ ಬೇರೆ. ಆಗ ಕಾವಲು ಗ್ರಂಥಿ ಹುಡುಕುವ ಕೆಲಸವಿಲ್ಲ, ಅಲ್ಟ್ರಾಸೌಂಡ್ ನೋಡುತ್ತಾ ಸೂಜಿಯಿಂದ ಮಾದರಿ ತೆಗೆದರೆ ಸಾಕು. ಕ್ಯಾನ್ಸರ್ ಎಂದು ಖಚಿತವಾದರೂ ಈಗ ತಕ್ಷಣ ಕತ್ತರಿಸುವ ಅವಸರ ಕಡಿಮೆಯಾಗುತ್ತಿದೆ. 2024ರಲ್ಲಿ ಪ್ರಕಟವಾದ ನಾಡಿನಾ ಪ್ರಯೋಗದಲ್ಲಿ ಮೊದಲು ಎರಡು ಸುತ್ತು ಔಷಧಿ, ಆಮೇಲೆ ಸರ್ಜರಿ ಎಂಬ ಕ್ರಮ ಅನುಸರಿಸಿದರು. ಒಂದು ವರ್ಷದ ಹೊತ್ತಿಗೆ ರೋಗ ಬೆಳೆಯದೆ, ಮರುಕಳಿಸದೆ ಇದ್ದವರು ಶೇ. 83.7. ಮೊದಲೇ ಸರ್ಜರಿ ಆದವರಲ್ಲಿ ಶೇ. 57.2. ಗ್ರಂಥಿಯಲ್ಲಿ ಗಡ್ಡೆ ಇರುವಾಗಲೇ ಔಷಧಿ ಕೊಟ್ಟರೆ ಹೋರಾಡುವ ಕೋಶಗಳಿಗೆ ಶತ್ರುವಿನ ಗುರುತು ಚೆನ್ನಾಗಿ ಸಿಗುತ್ತದೆ ಎಂಬುದು ಇದರ ಹಿಂದಿನ ತರ್ಕ. ಗಡ್ಡೆ ಎಷ್ಟು ಕರಗಿತು ಎಂದು ನೋಡಿ, ಮುಂದೆ ಔಷಧಿ ಬೇಕೋ ಬೇಡವೋ ಎಂದೂ ತೀರ್ಮಾನಿಸಬಹುದು.

ರೋಗಿ ನೆನಪಿಡಬೇಕಾದ ಎರಡು ವಿಷಯಗಳಿವೆ. ಗ್ರಂಥಿ ಸ್ವಚ್ಛ ಎಂದು ಬಂದರೂ ಅದು ಪೂರ್ತಿ ಗ್ಯಾರಂಟಿಯಲ್ಲ. ರಕ್ತದ ದಾರಿ ಹಿಡಿದ ಕೋಶಗಳ ಬಗ್ಗೆ ಅದೇನೂ ಹೇಳುವುದಿಲ್ಲ, ಅಪರೂಪಕ್ಕೆ ಪರೀಕ್ಷೆಯೇ ತಪ್ಪುವುದೂ ಉಂಟು. ಹಾಗಾಗಿ ತಪಾಸಣೆ ಬಿಡುವಂತಿಲ್ಲ. ಎರಡನೆಯದು ಸಮಯ. ಮಚ್ಚೆಯ ಸುತ್ತಲಿನ ಚರ್ಮವನ್ನು ಅಗಲವಾಗಿ ಕತ್ತರಿಸಿದ ಮೇಲೆ ಲಿಂಫ್ ನಾಳಗಳ ದಾರಿ ಬದಲಾಗುತ್ತದೆ, ನಿಜವಾದ ಕಾವಲು ಗ್ರಂಥಿ ಯಾವುದೆಂದು ಹುಡುಕುವುದು ಕಷ್ಟವಾಗುತ್ತದೆ. ಅದಕ್ಕೇ ಎರಡನ್ನೂ ಒಂದೇ ಸಲ ಮಾಡುತ್ತಾರೆ. ಗ್ರಂಥಿ ಪರೀಕ್ಷೆ ಬೇಕೇ ಬೇಡವೇ ಎಂಬ ಮಾತು ಆ ಸರ್ಜರಿಗೆ ದಿನ ಗೊತ್ತು ಮಾಡುವ ಮೊದಲೇ ವೈದ್ಯರ ಜೊತೆ ಆಗಿಬಿಡಬೇಕು.